ತಕತಕಿಟದ ನಡುವಿನ ‘ತ’

(ಅಮೆರಿಕದ ಓಹಿಯೋದಿಂದ ಓದುಗರೊಬ್ಬರು ಬರೆದಿದ್ದಾರೆ: “ಮಗಳಿಗೆ ಇಪ್ಪತ್ತು ವರ್ಷ, ಎಂಜಿನಿಯರಿಂಗ್ ಓದುತ್ತಿದ್ದಾಳೆ. ಏಳು ವರ್ಷ ವೀಣೆ ಕಲಿಸಿದೆ. ಈಗ ಕೈಗೆ ಬಂದ ಇಂಟರ್ನ್‌ಶಿಪ್ ಬಿಟ್ಟು ಡ್ರಮ್ ಕೋರ್ ಅನ್ನುವ ಬ್ಯಾಂಡ್ ತಂಡ ಸೇರಿ ಬೇಸಿಗೆಯಿಡೀ ಊರೂರು ಸುತ್ತುತ್ತಾಳಂತೆ. ಅದಕ್ಕೆ ಸಾವಿರಾರು ಡಾಲರ್ ನಾವೇ ಕಟ್ಟಬೇಕು. ಮಲಗುವುದು ಶಾಲೆಗಳ ಜಿಮ್ ನೆಲದ ಮೇಲೆ. ಇಷ್ಟೆಲ್ಲ ಮಾಡಿ ಬಾರಿಸುವುದೇನು? ಐದು ಬೇಸ್ ಡ್ರಮ್‌ಗಳಲ್ಲಿ ಮೂರನೆಯದು. ಒಂದೇ ಸದ್ದು! ಅವಳು ನಿಮ್ಮ ಅಂಕಣ ಓದುತ್ತಾಳೆ, ನೀವಾದರೂ ಸ್ವಲ್ಪ ಬುದ್ಧಿ ಹೇಳಿ.”)

ಮೇಡಂ, ಕುರಿ ಕಾಯೋಕೆ ತೋಳವನ್ನು ಕರೆದಿದ್ದೀರಿ. ನಾನು ಹೈಸ್ಕೂಲಿನಲ್ಲಿ ಮೂರು ವರ್ಷ ಬ್ಯಾಂಡಿನ ದೊಡ್ಡ ಡ್ರಮ್ ಹೊತ್ತವನು. ಅದರ ಬೆಲ್ಟಿನ ಗುರುತು ಹೆಗಲ ಮೇಲಿಂದ ಹೋಗಲು ಎಷ್ಟೋ ದಿನ ಬೇಕಾಯಿತು.

ಮೊದಲು ನಿಮ್ಮ ಕಡೆಯ ಮಾತು ಆಡಿಬಿಡುತ್ತೇನೆ. ಖರ್ಚು ಜಾಸ್ತಿ, ನಿಜ. ಇಂಟರ್ನ್‌ಶಿಪ್ ಬಿಟ್ಟರೆ ನಾಳೆ ಕೆಲಸ ಹುಡುಕುವಾಗ ಕಷ್ಟವಾಗಬಹುದು, ಅದೂ ನಿಜ. ಕೋರ್‌ಗಳ ಗಂಟೂ ಅಷ್ಟೇನೂ ಭದ್ರವಾಗಿಲ್ಲ. ಏಳು ಸಲ ಚಾಂಪಿಯನ್ ಆದ ಕೋರ್ ಸಾಂತಾ ಕ್ಲಾರಾ ವ್ಯಾನ್‌ಗಾರ್ಡ್ ದುಡ್ಡಿನ ತಾಪತ್ರಯಕ್ಕೆ 2023ರಲ್ಲಿ ಮೈದಾನಕ್ಕೇ ಇಳಿಯಲಿಲ್ಲ, 1934ರಲ್ಲಿ ಹುಟ್ಟಿದ ಕ್ಯಾಡೆಟ್ಸ್ ಕೋರ್ 2024ರಲ್ಲಿ ಬಾಗಿಲೇ ಹಾಕಿತು. ಹಾಗಾಗಿ ದುಡ್ಡು ಕಟ್ಟುವ ಮೊದಲು ಲೆಕ್ಕ ಕೇಳಿ, ಮಕ್ಕಳ ಸುರಕ್ಷತೆಗೆ ಏನು ಮಾಡಿದ್ದೀರಿ ಅಂತ ಕೋರ್ ನಡೆಸುವವರನ್ನು ಮುಖಕ್ಕೆ ಮುಖ ಕೊಟ್ಟೇ ಕೇಳಿ. ಸರಿ, ನಿಮ್ಮ ಪಾಲಿನದು ಆಯ್ತು.

ಇನ್ನು ಉಳಿದ ಓದುಗರಿಗೆ ಎರಡು ಮಾತು. ಡ್ರಮ್ ಕೋರ್ ಅಂದರೆ ಹಿತ್ತಾಳೆಯ ತುತ್ತೂರಿಗಳು, ಡ್ರಮ್‌ಗಳು, ಬಾವುಟ ಹಾರಿಸಿ ಕುಣಿಯುವವರು, ಇಷ್ಟೇ. ಕೊಳಲಿಲ್ಲ, ಪಿಟೀಲಿಲ್ಲ. ಮೊದಲ ಮಹಾಯುದ್ಧ ಮುಗಿಸಿ ಬಂದ ಸೈನಿಕರ ಸಂಘಗಳು ಬೆಳೆಸಿದ ಪದ್ಧತಿ ಇದು. 1972ರಲ್ಲಿ ಕೋರ್‌ಗಳೇ ಕೂಡಿ ಡ್ರಮ್ ಕೋರ್ ಇಂಟರ್‌ನ್ಯಾಷನಲ್ ಅನ್ನುವ, ಸ್ಪರ್ಧೆ ನಡೆಸುವ ಸಂಸ್ಥೆ ಕಟ್ಟಿಕೊಂಡವು. ಒಂದೂವರೆ ನೂರು ಚಿಲ್ಲರೆ ಮಕ್ಕಳು, ಹತ್ತು ಹನ್ನೆರಡು ನಿಮಿಷದ ಒಂದೇ ಪ್ರದರ್ಶನ, ನೂರಕ್ಕೆ ಅಂಕ. ಬೇಸಿಗೆಯಿಡೀ ಸುತ್ತುವ ಇಂಥ ಕೋರ್‌ಗಳು ಇಪ್ಪತ್ತೆರಡು ತುಂಬಿದ ಮೇಲೆ ಯಾರನ್ನೂ ಸೇರಿಸಿಕೊಳ್ಳುವುದಿಲ್ಲ. ನಿಮ್ಮ ಮಗಳಿಗೆ ಇನ್ನು ಹೆಚ್ಚೆಂದರೆ ಎರಡು ಬೇಸಿಗೆ ಉಳಿದಿದೆ. ಇಂಟರ್ನ್‌ಶಿಪ್‌ಗೆ ಹಾಗೇನೂ ಗಡುವಿಲ್ಲ, ಅಲ್ವಾ?

ನಾನು ಕರಾವಳಿಯವನು. ಪತ್ತನಾಜೆಗೆ, ಅಂದರೆ ತುಳುವರ ಬೇಷ ತಿಂಗಳ ಹತ್ತನೆಯ ದಿನ, ನಮ್ಮ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಮೇ ತಿಂಗಳ ಕೊನೆ. ಸರಿಸುಮಾರು ಅದೇ ಹೊತ್ತಿಗೆ ಅಲ್ಲಿ ಈ ಮಕ್ಕಳು ಚಾಪೆ ದಿಂಬು ಹೊತ್ತು ಬಂದು ಸೇರುತ್ತಾರೆ. ಬಿಸಿಲಿನಲ್ಲಿ ಬೆಳಗಿನಿಂದ ರಾತ್ರಿವರೆಗೆ ತಾಲೀಮು, ಜೂನ್ ಕೊನೆಯಿಂದ ತಿರುಗಾಟ. ಇವತ್ತು ಈ ಊರಲ್ಲಿ ಆಟ, ರಾತ್ರಿ ಬಸ್ಸಿನಲ್ಲಿ ನಿದ್ದೆ, ಬೆಳಗಾದರೆ ಇನ್ನೊಂದು ಊರು, ಇನ್ನೊಂದು ಶಾಲೆಯ ಜಿಮ್. ಹಿಂದೆಯೇ ಅಡುಗೆ ಲಾರಿ. ನಮ್ಮ ಮೇಳದವರು ಕೇಳಿದರೆ ‘ಇದರಲ್ಲೇನು ವಿಶೇಷ’ ಅಂದಾರು! ಆದರೆ ನಮ್ಮವರಿಗೆ ಸಂಬಳವಿದೆ. ಈ ಮಕ್ಕಳು ಕೈಯಿಂದ ಕೊಟ್ಟು ದುಡಿಯುತ್ತಾರೆ. ಬಹುಮಾನದ ದುಡ್ಡಿಗಾಗಿ ಅಲ್ಲವೇ ಅಲ್ಲ.

2016ರ ಆಗಸ್ಟಿನಲ್ಲಿ ಇಂಡಿಯಾನಾಪೊಲಿಸ್‌ನ ಲ್ಯೂಕಸ್ ಆಯಿಲ್ ಸ್ಟೇಡಿಯಂಗೆ ಅಣ್ಣನ ಮಗ ನನ್ನನ್ನು ಎಳೆದುಕೊಂಡು ಹೋಗಿದ್ದ. ಫೈನಲ್ಸ್. ಸುಮ್ನೆ ಏಸಿಯಲ್ಲಿ ನಿದ್ದೆ ಮಾಡಿದರಾಯ್ತು ಅಂದುಕೊಂಡೇ ಹೋದೆ. ನಿಮ್ಮದೇ ರಾಜ್ಯದ ಕ್ಯಾಂಟನ್ ಊರಿನ ಬ್ಲೂಕೋಟ್ಸ್ ಅವತ್ತು ಮೊದಲ ಸಲ ಗೆದ್ದಿತು. ಬಿಳಿ ಬಟ್ಟೆ, ತಲೆಯ ಮೇಲೆ ಟೋಪಿಯೂ ಇಲ್ಲ. ಸಾವಿರಾರು ಜನ ಎದ್ದು ಕೂಗುತ್ತಿದ್ದರು, ನಾನೂ ಕೂಗಿದೆ, ಯಾಕೆ ಅಂತ ಇವತ್ತಿಗೂ ಸರಿಯಾಗಿ ಹೇಳಲಾರೆ. ಒಂದೇ ಬೇಸರ, ಮೈಕು ಮತ್ತು ಸಿಂಥಸೈಜರ್. 2004ರಿಂದ ಒಂದು, 2009ರಿಂದ ಇನ್ನೊಂದು ಒಳಗೆ ಬಂದವು. ಅಷ್ಟು ತುತ್ತೂರಿ ಇಟ್ಟುಕೊಂಡವರಿಗೆ ಸ್ಪೀಕರ್ ಯಾಕೆ ಬೇಕು? ಇರಲಿ, ಇದು ಮುದುಕನ ಗೊಣಗಾಟ.

ಈಗ ಆ ‘ಒಂದೇ ಸದ್ದು’. ನಿಮ್ಮ ಪತ್ರ ಓದಿ ನನಗೆ ಸಿಟ್ಟು ಬಂದದ್ದು ಅಲ್ಲೇ. ವೀಣೆ ಗೊತ್ತಿರುವ ಮನೆಯವರು, ಹಾಗಾಗಿ ಹೀಗೆ ಮಾಡಿ. ಊಟಕ್ಕೆ ಕೂತಾಗ ಐದು ಜನ ‘ತಕತಕಿಟ’ ಹೇಳಿ, ಒಬ್ಬೊಬ್ಬರು ಒಂದೊಂದೇ ಅಕ್ಷರ. ತ, ಕ, ತ, ಕಿ, ಟ. ನಿಧಾನಕ್ಕೆ ಬರುತ್ತದೆ. ವೇಗ ಎರಡು ಪಟ್ಟು ಮಾಡಿ. ನಾಲ್ಕು ಪಟ್ಟು ಮಾಡಿ. ಈಗ ಐವರೂ ಬಿಸಿಲಿನಲ್ಲಿ ಡ್ರಮ್ ಹೊತ್ತು ಹಿಂದಕ್ಕೆ ನಡೆಯುತ್ತಾ ಹೇಳಿ! ಬೇಸ್ ಡ್ರಮ್‌ನವರು ಮಾಡುವುದು ಇದನ್ನೇ. ಸಣ್ಣದರಿಂದ ದೊಡ್ಡದರವರೆಗೆ ಐದು ಡ್ರಮ್, ಪೂರ್ತಿ ಜತಿ ಒಬ್ಬರ ಕೈಯಲ್ಲೂ ಇರುವುದಿಲ್ಲ. ನಡುವಿನ ‘ತ’ ನಿಮ್ಮ ಮಗಳದು. ಅವಳು ಒಂದು ಎಳೆ ಮುಂಚೆ ಬಿದ್ದರೂ ಐದು ಡ್ರಮ್ಮಿನ ಮಾತು ತೊದಲಿದ ಹಾಗೆ ಕೇಳುತ್ತದೆ. ಅವಳು ಸರಿಯಾಗಿ ಬಾರಿಸಿದರೆ? ಅವಳಿದ್ದಳೆಂದು ಯಾರಿಗೂ ಗೊತ್ತಾಗುವುದಿಲ್ಲ. 2008ರ ಫೈನಲ್ಸ್‌ನಲ್ಲಿ ಫ್ಯಾಂಟಮ್ ರೆಜಿಮೆಂಟ್ ಕೋರ್ ಬ್ಲೂ ಡೆವಿಲ್ಸ್‌ನ್ನು ಸೋಲಿಸಿದ್ದು 98.125ಕ್ಕೆ 98.100ರಲ್ಲಿ. ಬೇಸಿಗೆಯ ದುಡಿಮೆಯೆಲ್ಲ ಕಾಲು ಕಾಸಿನಂಥ ಅಂಕದ ಮೇಲೆ ನಿಂತಿತ್ತು. ಅಂಥ ಕಡೆ ಒಂದು ‘ತ’ದ ಬೆಲೆ ಎಷ್ಟು ಅಂತ ನೀವೇ ಲೆಕ್ಕ ಹಾಕಿ.

ನಮ್ಮ ರೋಗವೇ ಇದು ತಾಯೀ. ಪ್ರತಿ ಮಗುವೂ ಮುಖ್ಯ ಗಾಯಕನೇ ಆಗಬೇಕು. ಟೀವಿಯಲ್ಲಿ ಒಬ್ಬ ಹುಡುಗ ಹಾಡಿದರೆ ತೀರ್ಪುಗಾರರು ಅಳುತ್ತಾರೆ, ಹಿಂದೆ ಕೂತು ಬಾರಿಸಿದವರ ಹೆಸರು ಯಾರೂ ಕೇಳುವುದಿಲ್ಲ. ಸಂಗೀತ ಕಚೇರಿಯಲ್ಲಿ ಮೃದಂಗದವರ ತನಿ ಆವರ್ತನ ಶುರುವಾದರೆ ಸಭೆ ಕಾಫಿಗೆ ಏಳುತ್ತದೆ (ನಾನೂ ಎದ್ದಿದ್ದೇನೆ, ಸುಳ್ಳು ಹೇಳಬಾರದು). ಶಾಲೆಯ ವಾರ್ಷಿಕೋತ್ಸವದಲ್ಲಿ ಅಪ್ಪ ಅಮ್ಮಂದಿರ ಫೋನೆಲ್ಲ ತಮ್ಮ ಮಗುವಿನ ಮುಖಕ್ಕೇ ಅಂಟಿರುತ್ತವೆ, ಉಳಿದ ಇಪ್ಪತ್ತು ಮಕ್ಕಳು ಇದ್ದರೆ ಇದ್ದರು. ಬೇಸಿಗೆ ರಜೆ ಬಂದರೆ ಕೋಚಿಂಗ್. ಅಲ್ಲೂ ಒಬ್ಬೊಬ್ಬರಿಗೆ ಒಂದೊಂದು ರ‍್ಯಾಂಕ್, ಪಕ್ಕದವನು ಬಿದ್ದರೆ ನಮಗೆ ಲಾಭ. ಪಕ್ಕದವಳು ಬಿದ್ದರೆ ತಾನೂ ಬಿದ್ದಂತೆ ಅಂತ ಕಲಿಸುವ ಜಾಗ ನಮ್ಮಲ್ಲಿ ಎಲ್ಲಿ ಉಳಿದಿದೆ ಹೇಳಿ? ಡೊಳ್ಳಿನ ತಂಡಗಳಲ್ಲಿ, ಮೇಳಗಳಲ್ಲಿ. ಅವರನ್ನು ನಾವು ಮೆರವಣಿಗೆಗೆ ಮಾತ್ರ ಕರೆಯುತ್ತೇವೆ, ಅದೂ ಡಿಜೆ ಸಿಗದಿದ್ದರೆ.

ನಾನು ಓದಿದ ಶಾಲೆಗೆ ಈಚೆಗೆ ಧ್ವಜವಂದನೆಗೆ ಹೋಗಿದ್ದೆ. ಮಕ್ಕಳು ಚೆನ್ನಾಗಿಯೇ ಹೆಜ್ಜೆ ಹಾಕಿದರು. ಬ್ಯಾಂಡ್ ಎಲ್ಲಿ ಅಂದೆ. ಮೇಷ್ಟ್ರು ನಗುತ್ತಾ ಜೇಬಿನಿಂದ ಪೆನ್ ಡ್ರೈವ್ ತೆಗೆದು ತೋರಿಸಿದರು. ನನ್ನ ಡ್ರಮ್ ಸ್ಟೋರ್ ರೂಮಿನಲ್ಲಿತ್ತು. ಒಂದು ಬದಿಯ ಚರ್ಮ ಹರಿದಿತ್ತು, ಒಳಗೆ ಹಳೆಯ ಉತ್ತರಪತ್ರಿಕೆಗಳನ್ನು ತುಂಬಿಟ್ಟಿದ್ದರು.

ಹಾಗಾಗಿ ಬುದ್ಧಿ ಹೇಳು ಅಂದರೆ ನಿಮಗೇ ಹೇಳಬೇಕಾಗುತ್ತದೆ. ಕಳಿಸಿ. ಆಗಸ್ಟಿನ ಎರಡನೇ ವಾರ ಇಂಡಿಯಾನಾಪೊಲಿಸ್‌ಗೆ ಹೋಗಿ, ನಿಮ್ಮಲ್ಲಿಂದ ಕಾರಿನ ದಾರಿ. ಕೆಳಗಿನ ಸಾಲಿನ ಟಿಕೆಟ್ ತಗೋಬೇಡಿ, ಮೇಲೆ ಕೂತರೇ ಮೈದಾನದ ಚಿತ್ತಾರ ಕಾಣುವುದು. ಅಲ್ಲಿಂದ ಮಗಳ ಗುರುತು ಹತ್ತುವುದಿಲ್ಲ, ಎಲ್ಲರದೂ ಒಂದೇ ಬಟ್ಟೆ. ಹುಡುಕಬೇಡಿ. ಮತ್ತೆ, ಬಸ್ಸು ಹತ್ತುವಾಗ ಒಂದು ಡಬ್ಬಿ ಚಟ್ನಿಪುಡಿ ಕೊಟ್ಟು ಕಳಿಸಿ. ಸಣ್ಣ ಡಬ್ಬಿ ಸಾಲದು, ಉಳಿದ ನಾಲ್ವರೂ ಕೇಳುತ್ತಾರೆ.