ಹಕ್ಕಿ ಪ್ರಶ್ನೋತ್ತರ: ಮೇ ತಿಂಗಳಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿಗೆ ಹೋಗೋರಿಗೆ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಅಮೆರಿಕದಿಂದಲೇ ಬಂದಿವೆ. ಏಪ್ರಿಲ್ ಬಂತು ಅಂದ್ರೆ ಇಲ್ಲಿಂದ ಅಪ್ಪ ಅಮ್ಮಂದಿರು ಮಕ್ಕಳ ಮನೆಗೆ ಹೊರಡ್ತಾರೆ, ಅದೇ ಹೊತ್ತಿಗೆ ದಕ್ಷಿಣ ಅಮೆರಿಕದಲ್ಲಿ ಚಳಿಗಾಲ ಕಳೆದ ಹಕ್ಕಿಗಳೂ ಉತ್ತರಕ್ಕೆ ಹೊರಟಿರ್ತವೆ, ಇಬ್ಬರೂ ಒಂದೇ ಊರಲ್ಲಿ ಸಿಕ್ತಾರೆ. ಹಾಗಾಗಿ ಈ ತಿಂಗಳ ಜಾಗ ಬಹುಪಾಲು ಅವರಿಗೇ.

ಪ್ರಶ್ನೆ: ನಾನು ಮೈಸೂರಿನ ನಿವೃತ್ತ ಟೀಚರ್. ದಿನಾ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕ್ ಮಾಡ್ತಾ ಹಕ್ಕಿ ನೋಡೋ ಅಭ್ಯಾಸ. ಈಗ ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಮಗಳ ಮನೇಲಿದ್ದೀನಿ, ಜೂನ್ ಕೊನೆವರೆಗೂ ಇರ್ತೀನಿ. ಸೆಂಟ್ರಲ್ ಪಾರ್ಕಲ್ಲಿ ಹಕ್ಕಿ ನೋಡೋಕೆ ಎಲ್ಲೆಲ್ಲಿಂದಲೋ ಜನ ಬರ್ತಾರಂತೆ, ಅಂಥ ಸಿಟಿ ಮಧ್ಯದ ಪಾರ್ಕಲ್ಲಿ ಏನು ವಿಶೇಷ? ನನಗೆ ಮಂಡಿ ನೋವು, ಹತ್ತಿ ಇಳಿಯೋದು ಕಷ್ಟ. ಯಾವಾಗ ಹೋಗ್ಲಿ, ಎಲ್ಲಿ ಕೂತ್ಕೊಳ್ಳಲಿ?

ಉತ್ತರ: ಮೇಡಂ, ಜೂನ್‌ವರೆಗೂ ಟೈಮಿದೆ ಅಂತ ನಿಧಾನ ಮಾಡ್ಬೇಡಿ. ಮೇ ತಿಂಗಳ ಮೊದಲ ಎರಡು ವಾರದಲ್ಲೇ ಹೋಗಿಬಿಡಿ, ಜೂನ್ ಹೊತ್ತಿಗೆ ಬಂದ ಹಕ್ಕಿಗಳಲ್ಲಿ ಮುಕ್ಕಾಲು ಪಾಲು ಇನ್ನೂ ಉತ್ತರಕ್ಕೆ ದಾಟಿರ್ತವೆ.

ಸಿಟಿ ಮಧ್ಯ ಇರೋದೇ ಅದರ ವಿಶೇಷ. ಈ ಚಿಕ್ಕ ಹಕ್ಕಿಗಳು, ಅಲ್ಲಿ ವಾರ್ಬ್ಲರ್ ಅಂತಾರಲ್ಲ ಅವು, ಪ್ರಯಾಣ ಮಾಡೋದು ರಾತ್ರಿ ಹೊತ್ತು. ರಾತ್ರಿ ಗಾಳಿ ತಣ್ಣಗೆ, ಸಮಾಧಾನವಾಗಿರುತ್ತೆ, ಗಿಡುಗಗಳ ಕಾಟ ಇರಲ್ಲ, ನಕ್ಷತ್ರ ನೋಡ್ಕೊಂಡು ದಿಕ್ಕು ಹಿಡೀಬಹುದು, ಹಗಲು ಪೂರ್ತಿ ತಿನ್ನೋಕೆ ಉಳಿಯುತ್ತೆ. ಬೆಳಗಾಗೋ ಹೊತ್ತಿಗೆ ಸುಸ್ತಾಗಿ ಕೆಳಗೆ ನೋಡಿದ್ರೆ ಮೈಲಿಗಟ್ಲೆ ಕಾಂಕ್ರೀಟು, ಗಾಜು, ರಸ್ತೆ, ಅದರ ನಡುವೆ 843 ಎಕರೆ ಹಸಿರು. ಇನ್ನೆಲ್ಲಿ ಇಳೀಬೇಕು ಹೇಳಿ? ಹಳೇ ಕಾಲದ ದಾರಿ ಬದಿಯ ಛತ್ರ ಇದ್ದ ಹಾಗೆ ಅದು, ರಾತ್ರಿಯೆಲ್ಲ ನಡೆದು ಬಂದೋರು ಉಂಡು ಮಲಗಿ ಮತ್ತೆ ಹೊರಡೋ ಜಾಗ. ಹತ್ತೋ ಹನ್ನೆರಡೋ ಗ್ರಾಂ ತೂಕದ ಜೀವ, ಕೆಲವು ಮೆಕ್ಸಿಕೊ ಕೊಲ್ಲಿಯನ್ನ ಸುಮಾರು ಸಾವಿರ ಕಿಲೋಮೀಟರ್ ಎಲ್ಲೂ ನಿಲ್ಲದೆ ಒಂದೇ ಹಾರಾಟದಲ್ಲಿ ದಾಟಿ ಬಂದಿರ್ತವೆ, ಅದನ್ನ ನೆನೆಸ್ಕೊಂಡು ನೋಡಿದ್ರೆ ನಿಮಗೇ ಗೊತ್ತಾಗುತ್ತೆ ಜನ ಯಾಕೆ ಓಡಿ ಬರ್ತಾರೆ ಅಂತ.

ಇನ್ನೊಂದು ವಿಷಯ, ಈ ಪಾರ್ಕು ಕಾಡನ್ನ ಉಳಿಸಿ ಮಾಡಿದ್ದಲ್ಲ. 1858ರಲ್ಲಿ ಆಲ್ಮ್‌ಸ್ಟೆಡ್ ಮತ್ತು ವಾಕ್ಸ್ ಅನ್ನೋ ಇಬ್ಬರ ಪ್ಲಾನ್ ಗೆದ್ದಿತು, ಆಮೇಲೆ ಮಣ್ಣು ಹೊತ್ತು, ಬಂಡೆ ಒಡೆದು, ಕೆರೆ ತೋಡಿ, ಗಿಡ ನೆಟ್ಟು ಮಾಡಿದ್ದು. ಅದರಲ್ಲಿ ರ‍್ಯಾಂಬಲ್ ಅಂತ ಒಂದು ಭಾಗ ಇದೆ, ಸುತ್ತಿ ಸುತ್ತಿ ಹೋಗೋ ಕಾಲುದಾರಿ, ಸಣ್ಣ ತೊರೆ, ದಟ್ಟ ಮರ. ಹಕ್ಕಿ ನೋಡೋರ ಗುಂಪೆಲ್ಲ ಅಲ್ಲೇ ಇರೋದು. ನೆಟ್ಟ ಕಾಡೂ ಹೀಗೆ ಕೆಲಸಕ್ಕೆ ಬರುತ್ತೆ ಅನ್ನೋದನ್ನ ನಮ್ಮ ಊರುಗಳಲ್ಲಿ ಪಾರ್ಕಿಗೆ ಬರೀ ಹುಲ್ಲುಹಾಸು, ಟೈಲ್ಸು ಹಾಕ್ಸೋರು ಒಂದ್ಸಲ ಹೋಗಿ ನೋಡ್ಬೇಕು.

ದಿನ ಆರಿಸೋದು ಹೇಗೆ ಅಂದ್ರೆ, ಹಿಂದಿನ ರಾತ್ರಿಯ ಗಾಳಿ ನೋಡಿ. ಫೋನಿನ ವೆದರ್ ಆ್ಯಪಲ್ಲಿ ಗಾಳಿ ದಕ್ಷಿಣದಿಂದಲೋ ನೈರುತ್ಯದಿಂದಲೋ ಅಂತ ತೋರಿಸ್ತಿದ್ರೆ ಅದು ಹಕ್ಕಿಗಳ ಬೆನ್ನಿಗೆ ಬೀಳೋ ಗಾಳಿ, ಬೆಳಿಗ್ಗೆ ಖಂಡಿತ ಹೋಗಿ. ಉತ್ತರದ ಗಾಳಿ ಇದ್ರೆ ಹೊಸ ಹಕ್ಕಿ ಕಮ್ಮಿ. ಗಾಳಿ ಒಳ್ಳೇದಿದ್ದು ಬೆಳಗಿನ ಜಾವ ಮಳೆ ಬಂದು ನಿಂತಿದ್ರೆ ಇನ್ನೂ ಒಳ್ಳೇದು, ಹಾರ್ತಿದ್ದವೆಲ್ಲ ಅಲ್ಲೇ ಇಳಿದುಬಿಟ್ಟಿರ್ತವೆ. ಕಾರ್ನೆಲ್ ಯೂನಿವರ್ಸಿಟಿಯೋರು ನಡೆಸೋ ಬರ್ಡ್‌ಕ್ಯಾಸ್ಟ್ ಅನ್ನೋ ವೆಬ್‌ಸೈಟಲ್ಲಿ ಹವಾಮಾನದ ರೇಡಾರ್ ಲೆಕ್ಕದಿಂದ ಆ ರಾತ್ರಿ ಎಷ್ಟು ಹಕ್ಕಿ ಹಾರ್ತಿವೆ ಅಂತ ತೋರಿಸ್ತಾರೆ, ಮಗಳಿಗೆ ಹೇಳಿ ತೆಗೆಸಿ ನೋಡಿ.

ಎಡಿಸನ್‌ನಿಂದ ಟ್ರೈನಲ್ಲಿ ನ್ಯೂಯಾರ್ಕಿನ ಪೆನ್ ಸ್ಟೇಷನ್, ಅಲ್ಲಿಂದ ಸಿ ಅನ್ನೋ ಸಬ್‌ವೇ ಟ್ರೈನ್ ಹಿಡಿದು 81ನೇ ರಸ್ತೆ, ಮ್ಯೂಸಿಯಂ ಸ್ಟಾಪಲ್ಲಿ ಇಳಿದ್ರೆ ಎದುರಿಗೇ ಪಾರ್ಕು. ಮಂಡಿ ನೋವಿದ್ದೋರಿಗೆ ರ‍್ಯಾಂಬಲ್‌ನ ಏರಿಳಿತ, ಮೆಟ್ಟಿಲು ಸ್ವಲ್ಪ ಕಷ್ಟಾನೇ, ಅದಕ್ಕೆ ಮೊದಲು 82ನೇ ರಸ್ತೆ ಹತ್ರ ಟ್ಯಾನರ್ಸ್ ಸ್ಪ್ರಿಂಗ್ ಅಂತ ಒಂದು ಪುಟ್ಟ ನೀರಿನ ಒರತೆ ಇದೆ, ಅಲ್ಲಿ ಸುಮ್ನೆ ನಿಂತ್ಕೊಳ್ಳಿ. (1880ರಲ್ಲಿ ಟ್ಯಾನರ್ ಅನ್ನೋ ಡಾಕ್ಟರು 40 ದಿನ ಉಪವಾಸ ಮಾಡಿದಾಗ ಈ ನೀರು ಕುಡೀತಿದ್ರಂತೆ, ಅದಕ್ಕೇ ಆ ಹೆಸರು.) ಮರದ ತುದೀಲಿ ಓಡಾಡೋ ಹಕ್ಕಿಗಳು ನೀರು ಕುಡಿಯೋಕೆ, ಸ್ನಾನಕ್ಕೆ ಇಲ್ಲಿ ಕೆಳಗಿಳಿದು ಬರ್ತವೆ, ಕತ್ತು ಎತ್ತೋ ಕೆಲಸಾನೇ ಇಲ್ಲ. ಆಮೇಲೆ ಟರ್ಟಲ್ ಪಾಂಡ್ ದಡ, 72ನೇ ರಸ್ತೆ ಕಡೆ ಸ್ಟ್ರಾಬೆರಿ ಫೀಲ್ಡ್ಸ್, ಎರಡು ಕಡೆಯೂ ಬೆಂಚಿದೆ. ಆರೂವರೆ, ಏಳಕ್ಕೆ ತಲುಪಿದ್ರೆ ಒಳ್ಳೇದು, ಹತ್ತು ಗಂಟೆ ಮೇಲೆ ಹಕ್ಕಿಗಳ ಓಡಾಟ ತಗ್ಗುತ್ತೆ, ಜನ ಹೆಚ್ಚಾಗ್ತಾರೆ. ಸ್ವೆಟರ್ ಮರೀಬೇಡಿ, ಮೇ ಅಂದ್ರೆ ಮೈಸೂರಿನ ಮೇ ಅಲ್ಲ.

ಏನು ಕಾಣಬಹುದು? ಅಮೆರಿಕನ್ ರೆಡ್‌ಸ್ಟಾರ್ಟ್, ಕಪ್ಪು ಮೈಗೆ ಕಿತ್ತಳೆ ಪಟ್ಟೆ, ಬಾಲ ಬೀಸಣಿಗೆ ಥರ ಬಿಚ್ಚಿ ಬಿಚ್ಚಿ ಕುಣಿಯುತ್ತೆ. ಬ್ಲ್ಯಾಕ್ ಅಂಡ್ ವೈಟ್ ವಾರ್ಬ್ಲರ್, ಕಾಂಡದ ಮೇಲೆ ತಲೆಕೆಳಗಾಗಿ ಹರಿದಾಡುತ್ತೆ, ಹೊಸಬರಿಗೂ ಸುಲಭ. ಬ್ಲ್ಯಾಕ್‌ಬರ್ನಿಯನ್ ಗಂಡಿನ ಗಂಟಲು ಉರಿಯೋ ಕಿತ್ತಳೆ, ಬೆಳಗಿನ ಬಿಸಿಲಲ್ಲಿ ಅದನ್ನೊಂದು ಕಂಡ್ರೆ ಟ್ರೈನ್ ಚಾರ್ಜು ವಸೂಲು. ಸ್ಕಾರ್ಲೆಟ್ ಟ್ಯಾನಜರ್ ಅನ್ನೋದು ಕೆಂಪಗೆ, ರೆಕ್ಕೆ ಮಾತ್ರ ಕಪ್ಪು. ಬಾಲ್ಟಿಮೋರ್ ಓರಿಯೋಲ್ ನೋಡಿ ನಮ್ಮ ಹೊನ್ನಕ್ಕಿ ನೆಂಟ ಅನ್ಕೋಬೇಡಿ, ಬಣ್ಣ ಹತ್ರ ಇದೆ ಅಷ್ಟೇ, ಕುಟುಂಬ ಬೇರೆ. ಕೊನೆ ಕೊನೆಗೆ ಬರೋದು ಬ್ಲ್ಯಾಕ್‌ಪೋಲ್, ಅದು ಹೆಚ್ಚಾಗಿ ಕಾಣೋಕೆ ಶುರುವಾದ್ರೆ ಸೀಸನ್ ಮುಗೀತಾ ಬಂತು ಅಂತ ಅಲ್ಲಿನೋರು ಹೇಳ್ತಾರೆ. ಇದೇ ಹಕ್ಕಿ ವಾಪಸ್ ಹೋಗುವಾಗ, ಅಕ್ಟೋಬರ್ ಸುಮಾರಿಗೆ, ಅಟ್ಲಾಂಟಿಕ್ ಸಮುದ್ರದ ಮೇಲೆ ಎರಡು ಮೂರು ದಿನ ಒಂದೇ ಸಮ ಹಾರುತ್ತೆ.

ಪ್ರಶ್ನೆ: ಜೆರ್ಸಿ ಸಿಟೀಲಿ ಸಾಫ್ಟ್‌ವೇರ್ ಕೆಲಸ, ವೀಕೆಂಡ್ ಸೆಂಟ್ರಲ್ ಪಾರ್ಕಿಗೆ ಹೋಗ್ತೀನಿ. ಕೂಗು ಕೇಳಿ ಹಕ್ಕಿ ಹೆಸರು ಹೇಳೋ ಮರ್ಲಿನ್ ಆ್ಯಪ್ ಆನ್ ಮಾಡಿದ್ರೆ ಪಟಪಟ ಅಂತ ಹದಿನೈದು ಹೆಸರು ಬರುತ್ತೆ, ನನ್ನ ಕಣ್ಣಿಗೆ ಎರಡೂ ಕಾಣಲ್ಲ, ಕತ್ತು ನೋವು ಮಾತ್ರ ಬರುತ್ತೆ. ಹಕ್ಕಿ ಕೂಗನ್ನ ಫೋನಲ್ಲಿ ಪ್ಲೇ ಮಾಡಿ ಹತ್ರ ಕರೆಸ್ಬಹುದಾ?

ಉತ್ತರ: ಪ್ಲೇ ಮಾಡೋದು ಮಾತ್ರ ಬೇಡ, ದಯವಿಟ್ಟು. ಗಂಡು ಹಕ್ಕಿ ಇನ್ನೊಂದು ಗಂಡು ಬಂತು ಅನ್ಕೊಂಡು ತಿನ್ನೋದು ಬಿಟ್ಟು ಜಗಳಕ್ಕೆ ಬರುತ್ತೆ. ರಾತ್ರಿ ಮತ್ತೆ ನೂರಾರು ಕಿಲೋಮೀಟರ್ ಹಾರ್ಬೇಕಾದ ಜೀವಕ್ಕೆ ಆ ಒಂದೊಂದು ಹುಳಾನೂ ಲೆಕ್ಕ, ನಿಮ್ಮ ಹಿಂದೆ ಇನ್ನೊಬ್ರು, ಅವರ ಹಿಂದೆ ಮತ್ತೊಬ್ರು ಹಾಗೇ ಮಾಡ್ತಾ ಹೋದ್ರೆ ಅದರ ಬೆಳಿಗ್ಗೆಯೆಲ್ಲ ಅಲ್ಲೇ ಮುಗಿಯುತ್ತೆ.

ಮರ್ಲಿನ್ ಒಳ್ಳೇ ಆ್ಯಪು, ಫ್ರೀ, ಕಾರ್ನೆಲ್ ಪಕ್ಷಿ ಪ್ರಯೋಗಾಲಯದೋರದ್ದು, ನಮ್ಮ ದೇಶದ ಹಕ್ಕಿಗಳಿಗೂ ಕೆಲಸ ಮಾಡುತ್ತೆ. ಆದ್ರೆ ಅದು ಹೇಳಿದ್ದನ್ನೆಲ್ಲ ಲಿಸ್ಟಿಗೆ ಹಾಕ್ಬೇಡಿ. ಅಲ್ಲಿ ಮಾಕಿಂಗ್‌ಬರ್ಡ್, ಕ್ಯಾಟ್‌ಬರ್ಡ್ ಅಂತ ಇವೆ, ನಮ್ಮ ಕಾಜಾಣದ ಹಾಗೆ ಬೇರೆ ಹಕ್ಕಿಗಳ ಕೂಗು ಕದ್ದು ಕೂಗೋವು, ಆ್ಯಪು ಮೋಸ ಹೋಗುತ್ತೆ. ಹೆಸರು ಬಂತಾ, ಫೋನ್ ಜೇಬಿಗೆ ಹಾಕಿ, ಸದ್ದು ಯಾವ ಮರದ್ದು ಅಂತ ಕಿವಿ ಕೊಡಿ. ಬೆನ್ನಿಗೆ ಬಿಸಿಲು ಇರೋ ಹಾಗೆ ನಿಂತು ಬರಿಗಣ್ಣಲ್ಲಿ ಅಲ್ಲಾಡೋ ಎಲೆ ಹುಡುಕಿ, ಕಂಡ ಮೇಲೆ ಕಣ್ಣು ತೆಗೀದೆ ಬೈನಾಕ್ಯುಲರನ್ನ ಕಣ್ಣಿನ ಹತ್ರ ತನ್ನಿ. ಕೆಳಗೆ ನೋಡಿ, ಬೈನಾಕ್ಯುಲರ್ ಎತ್ಕೊಂಡು, ಮತ್ತೆ ಹುಡುಕೋಕೆ ಹೋದ್ರೆ ಅಷ್ಟರಲ್ಲಿ ಅದು ಹೋಗಿರುತ್ತೆ. 8x42 (ಎಂಟು ಪಟ್ಟು ದೊಡ್ಡದಾಗಿ ತೋರಿಸೋ, ಮುಂದಿನ ಗಾಜು 42 ಮಿಲಿಮೀಟರ್ ಇರೋ ಬೈನಾಕ್ಯುಲರ್) ಇದ್ರೆ ಸಾಕು, ಜಾಸ್ತಿ ಪವರ್ ತಗೊಂಡ್ರೆ ಕೈ ನಡುಗಿ ಕಾಣೋದೇ ಇಲ್ಲ.

ಮುಖ್ಯವಾಗಿ ಓಕ್ ಮರ ಹುಡುಕಿ. ಮೇ ಶುರುವಲ್ಲಿ ಓಕ್ ಹೂ ಬಿಟ್ಟು ದಾರದ ಥರ ಇಳಿಬಿದ್ದಿರುತ್ತೆ, ಎಳೆ ಎಲೆ ತುಂಬ ಕಂಬಳಿಹುಳ, ಅದಕ್ಕೇ ವಾರ್ಬ್ಲರ್‌ಗಳು ಅಲ್ಲಿ ಮುತ್ತಿರ್ತವೆ. ಒಂದು ಓಕ್ ಕೆಳಗೆ ಅರ್ಧ ಗಂಟೆ ಇದ್ದೋರು ಪಾರ್ಕೆಲ್ಲ ಸುತ್ತಿದೋರಿಗಿಂತ ಜಾಸ್ತಿ ನೋಡ್ತಾರೆ, ಇದು ನನ್ನ ಗಟ್ಟಿ ಅಭಿಪ್ರಾಯ. ಕತ್ತು ನೋವಿಗೆ ಪಾರ್ಕಿನ ಎತ್ತರದ ಬಂಡೆಗಳ ಮೇಲೆ, ಬೆಲ್ವೆಡಿಯರ್ ಕ್ಯಾಸಲ್ ಹತ್ರ ನಿಂತ್ಕೊಳ್ಳಿ, ಮರದ ತುದಿ ಕಣ್ಣಿನ ಮಟ್ಟಕ್ಕೇ ಸಿಗುತ್ತೆ.

ಪ್ರಶ್ನೆ: ನ್ಯೂಯಾರ್ಕ್ ಪಾರ್ಕಲ್ಲಿ ಬೆಂಚಿನ ಕೆಳಗೆ ಓಡಾಡೋ ಗುಬ್ಬಿ ನಮ್ಮ ಗುಬ್ಬಚ್ಚೀನೇನಾ?

ಉತ್ತರ: ಹೌದು, ಅದೇ ಜಾತಿ. 1850ರ ದಶಕದಲ್ಲಿ ಯುರೋಪಿನಿಂದ ತಂದು ಬ್ರೂಕ್ಲಿನ್‌ನಲ್ಲಿ ಬಿಟ್ಟಿದ್ದು. ಜೊತೆಗೆ ಓಡಾಡೋ ಚುಕ್ಕಿ ಚುಕ್ಕಿ ಕಪ್ಪು ಹಕ್ಕಿ, ಸ್ಟಾರ್ಲಿಂಗು, ಗೊರವಂಕದ ಕುಟುಂಬದ್ದು, ಅದನ್ನ 1890ರಲ್ಲಿ ಸೆಂಟ್ರಲ್ ಪಾರ್ಕಲ್ಲೇ ಬಿಟ್ರು. ಇವೆರಡೂ ವಲಸೆ ನೋಡೋಕೆ ಬಂದೋರ ಲಿಸ್ಟಲ್ಲಿ ಮುಖ್ಯ ಅಲ್ಲ, ಆದ್ರೂ ಮನೆ ನೆನಪಾದ್ರೆ ನೋಡಿ.

ಪ್ರಶ್ನೆ: ನಮ್ಮದು ಲಾಂಗ್ ಐಲೆಂಡ್ ಸಿಟೀಲಿ 20ನೇ ಫ್ಲೋರು, ಗೋಡೆಯೆಲ್ಲ ಗಾಜು. ಹೋದ ವಾರ ಬೆಳಿಗ್ಗೆ ಬಾಲ್ಕನೀಲಿ ಒಂದು ಪುಟ್ಟ ಹಳದಿ ಹಕ್ಕಿ ಬಿದ್ದಿತ್ತು, ಉಸಿರಾಡ್ತಿತ್ತು, ಮಗಳು ನೀರು ಕುಡಿಸೋಕೆ ಹೋದ್ಲು, ಸ್ವಲ್ಪ ಹೊತ್ತಿಗೆ ಸತ್ತುಹೋಯ್ತು. ಅವಳು ಇನ್ನೂ ಅಳ್ತಾಳೆ. ಏನು ಮಾಡ್ಬೇಕಿತ್ತು?

ಉತ್ತರ: ಮಗು ಮನಸ್ಸು ಒಳ್ಳೇದು, ಅವಳ ತಪ್ಪು ಏನೂ ಇಲ್ಲ ಅಂತ ಮೊದಲು ಹೇಳಿ. ಗಾಜಿಗೆ ಹೊಡೆದ ಹಕ್ಕಿಗೆ ಹೆಚ್ಚಾಗಿ ತಲೆ ಒಳಗೇ ಪೆಟ್ಟಾಗಿರುತ್ತೆ, ಹೊರಗೆ ಏನೂ ಕಾಣಲ್ಲ. ಮುಂದೆ ಹಾಗಾದ್ರೆ ನೀರು, ಊಟ ಕೊಡ್ಬೇಡಿ. ಒಂದು ಪೇಪರ್ ಬ್ಯಾಗಲ್ಲೋ ಗಾಳಿ ಆಡೋ ರಟ್ಟಿನ ಡಬ್ಬೀಲೋ ಬಟ್ಟೆ ಹಾಸಿ ಮೆತ್ತಗೆ ಇಟ್ಟು, ಬಾಯಿ ಮುಚ್ಚಿ, ಕತ್ತಲಾಗಿ ಸದ್ದಿಲ್ಲದ ಕಡೆ ಇಡಿ. ಪದೇ ಪದೇ ತೆಗೆದು ನೋಡ್ಬೇಡಿ. ಮ್ಯಾನ್‌ಹ್ಯಾಟನ್‌ನ ಕೊಲಂಬಸ್ ಅವೆನ್ಯೂನಲ್ಲಿ ವೈಲ್ಡ್ ಬರ್ಡ್ ಫಂಡ್ ಅಂತ ಕಾಡುಹಕ್ಕಿಗಳ ಆಸ್ಪತ್ರೆ ಇದೆ, ಫೋನ್ ಮಾಡಿ ಕೇಳಿ ಅಲ್ಲಿಗೆ ತಗೊಂಡು ಹೋಗಿ. ಹಾರಿದ್ರೆ ಸಾಕು ಅಂತ ಬಿಟ್ಟುಬಿಡೋದಕ್ಕಿಂತ ಅದು ವಾಸಿ.

ನ್ಯೂಯಾರ್ಕ್ ನಗರದಲ್ಲಿ ವರ್ಷಕ್ಕೆ 90,000ದಿಂದ 2,30,000 ಹಕ್ಕಿ ಹೀಗೆ ಗಾಜಿಗೆ ಬಡಿದು ಸಾಯ್ತವೆ ಅಂತ ಅಲ್ಲಿನ ಪಕ್ಷಿ ಸಂರಕ್ಷಣಾ ಸಂಸ್ಥೆಯ ಅಂದಾಜು. ರಾತ್ರಿ ದೀಪಕ್ಕೆ ಸೆಳೆದು ಸಿಟಿ ಒಳಗೆ ಬರ್ತವೆ, ಬೆಳಿಗ್ಗೆ ಗಾಜಲ್ಲಿ ಮರದ ನೆರಳು ಕಂಡು ಮರಾನೇ ಅಂತ ನುಗ್ತವೆ. ಹೊಸ ಕಟ್ಟಡಗಳಿಗೆ ಹಕ್ಕಿಗೆ ಕಾಣೋ ಥರದ ಗಾಜು ಹಾಕ್ಬೇಕು ಅಂತ 2020ರಲ್ಲಿ ಅಲ್ಲಿ ಕಾನೂನು ಬಂತು. ಹಳೇ ಕಟ್ಟಡದಲ್ಲಿರೋರು ಮಾಡ್ಬಹುದಾದ್ದು: ಏಪ್ರಿಲ್, ಮೇ, ಆಮೇಲೆ ಆಗಸ್ಟ್ ಕೊನೆಯಿಂದ ನವೆಂಬರ್‌ವರೆಗೆ ರಾತ್ರಿ ಬೇಡದ ಲೈಟ್ ಆರಿಸಿ, ಪರದೆ ಎಳೀರಿ. ಬಾಲ್ಕನಿ ಗಾಜಿಗೆ ಹೊರಗಡೆಯಿಂದ ಎರಡೆರಡು ಇಂಚಿಗೆ ಒಂದು ಚುಕ್ಕಿ ಸ್ಟಿಕ್ಕರ್ ಅಂಟಿಸಿ. ಒಂದೇ ಒಂದು ಗಿಡುಗದ ಚಿತ್ರ ಅಂಟಿಸಿದ್ರೆ ಪ್ರಯೋಜನ ಇಲ್ಲ, ಹಕ್ಕಿ ಅದರ ಪಕ್ಕದ ಗಾಜಿಗೆ ಹೊಡೀತವೆ. ಸ್ಟಿಕ್ಕರ್ ಅಂಟಿಸೋ ಕೆಲಸ ಮಗಳಿಗೇ ಕೊಡಿ. ಬೆಂಗಳೂರಿನ ಗಾಜಿನ ಆಫೀಸುಗಳಲ್ಲಿ ಕೂತು ಇದನ್ನ ಓದ್ತಿರೋರಿಗೂ ಈ ಮಾತು ಅಷ್ಟೇ ಅನ್ವಯ.

ಪ್ರಶ್ನೆ: ಜಯನಗರದಲ್ಲಿ ಪಿಯುಸಿ ಓದ್ತಿದ್ದೀನಿ. ನ್ಯೂಯಾರ್ಕ್ ಥರ ಲಾಲ್‌ಬಾಗಲ್ಲೂ ವಸಂತದ ವಲಸೆ ನೋಡೋಕಾಗುತ್ತಾ?

ಉತ್ತರ: ಆಗುತ್ತೆ, ಆದ್ರೆ ಬೇರೆ ಥರ. ಅಲ್ಲಿಗೆ ಮೇನಲ್ಲಿ ಬರೋವು ಹೊಸ ಬಣ್ಣ ಹೊತ್ಕೊಂಡು ಹಾಡ್ತಾ ದಾಟಿ ಹೋಗ್ತವೆ. ನಮ್ಮಲ್ಲಿ ಸೆಪ್ಟೆಂಬರ್, ಅಕ್ಟೋಬರಲ್ಲಿ ಬಂದು ಚಳಿಗಾಲ ಕಳೆದವು ಮಾರ್ಚ್, ಏಪ್ರಿಲಲ್ಲಿ ಹೊರಡ್ತವೆ, ಅಂದ್ರೆ ನಾವು ನೋಡೋದು ಬೀಳ್ಕೊಡುಗೆ. ಹಾಗಾಗಿ ಯಾವುದು ಬಂತು ಅನ್ನೋದಕ್ಕಿಂತ ಯಾವುದು ಯಾವ ದಿನದಿಂದ ಕಾಣ್ತಿಲ್ಲ ಅಂತ ಬರೆದಿಡು, ಅದು ಬೆಲೆಬಾಳೋ ಮಾಹಿತಿ.

ಗ್ರೀನಿಶ್ ವಾರ್ಬ್ಲರ್ ಅಂತ ಒಂದು ಪುಟ್ಟ ಉಲಿಯಕ್ಕಿ, ಮರದ ಎಲೆ ಮಧ್ಯೆ ಇರುತ್ತೆ, ಕಾಣೋದಕ್ಕಿಂತ ಕೇಳೋದೇ ಜಾಸ್ತಿ, ಹಿಮಾಲಯ ಮತ್ತು ಮಧ್ಯ ಏಷ್ಯಾದ ಕಡೆ ಹೋಗಿ ಮರಿ ಮಾಡುತ್ತೆ. ಪೊದೆ ಒಳಗೆ ಚಕ್ ಚಕ್ ಅನ್ನೋ ಬ್ಲೈತ್ಸ್ ರೀಡ್ ವಾರ್ಬ್ಲರ್ ಹೊರಡೋ ಮುಂಚೆ ಏಪ್ರಿಲಲ್ಲಿ ಹಾಡೋಕೆ ಶುರುಮಾಡುತ್ತೆ, ಬೆಳಿಗ್ಗೆ ಕಿವಿ ಕೊಟ್ಟು ಕೇಳು. ಕೆರೆ ದಡದಲ್ಲಿ ಬಾಲ ಕುಣಿಸೋ ಬೂದು ಸಿಪಿಲೆ, ಹೂಬಿಟ್ಟ ಮರದಲ್ಲಿ ಗದ್ದಲ ಮಾಡೋ ಗುಲಾಬಿ ಕಬ್ಬಕ್ಕಿ, ಇವೂ ಆಗಲೇ ಹೊರಡೋದು. 240 ಎಕರೆ ಲಾಲ್‌ಬಾಗಲ್ಲಿ ಎಲ್ಲ ಕಡೆ ಓಡಾಡ್ಬೇಡ, ಕೆರೆ ಬದಿ ಮತ್ತು ಗುಡಿಸದೆ ಬಿಟ್ಟ ಎಲೆರಾಶಿ ಇರೋ ಮೂಲೆ ಆರಿಸ್ಕೋ.

ಯಾಕೆ ಎಲೆರಾಶಿ ಅಂದ್ರೆ ನವರಂಗ (ಇಂಡಿಯನ್ ಪಿಟ್ಟ) ಅನ್ನೋ ಹಕ್ಕಿಗೋಸ್ಕರ. ಚಳಿಗಾಲಕ್ಕೆ ದಕ್ಷಿಣಕ್ಕೆ ಬಂದಿದ್ದು ಏಪ್ರಿಲ್, ಮೇನಲ್ಲಿ ಉತ್ತರಕ್ಕೆ ವಾಪಸ್ ಹೋಗುತ್ತೆ, ಅದೂ ರಾತ್ರಿ ಪ್ರಯಾಣಿಕ, ಬೆಳಿಗ್ಗೆ ಸಿಕ್ಕಿದ ಪಾರ್ಕಲ್ಲಿ ಇಳಿದು ಒಣಗಿದೆಲೆ ಕೆದಕಿ ಹುಳ ತಿನ್ನುತ್ತೆ. ಕೆಲವೊಮ್ಮೆ ಸುಸ್ತಾಗಿ ಮನೆ ಅಂಗಳದಲ್ಲೇ ಬೀಳುತ್ತೆ, ಆಗ ಮೇಲೆ ಬಾಲ್ಕನಿ ಹಕ್ಕಿಗೆ ಹೇಳಿದ ರಟ್ಟಿನ ಡಬ್ಬಿ ಉಪಾಯಾನೇ ಮಾಡು, ಬೆಕ್ಕು ಹತ್ರ ಬರದ ಹಾಗೆ ನೋಡ್ಕೊ, ಪಂಜರಕ್ಕೆ ಹಾಕ್ಬೇಡ, ಕಾಡುಪ್ರಾಣಿ ರಕ್ಷಣೆ ಮಾಡೋರಿಗೆ ತಿಳಿಸು. ಫೋಟೋ ತೆಗಿಯೋಕೆ ಅದನ್ನ ಎಬ್ಬಿಸ್ಬೇಡ.