ಯಾವ ಮೆಣಸಿನಕಾಯಿ, ತಮ್ಮಾ?

ಪ್ರಿಯ ಮಿತ್ರರೇ,

ಮ್ಯಾಜಿಕ್: ದಿ ಗ್ಯಾದರಿಂಗ್ ಎಂಬ ಕಾರ್ಡಾಟದ ಬಗ್ಗೆ ನೀವು ಕಳಿಸಿದ ‘ಯಾವ ಕರಡು ನ್ಯಾಯದ್ದು?’ ಲೇಖನವನ್ನು ಎರಡು ಸಲ ಓದಿದೆ. ಎರಡನೇ ಸಲ ಓದುವಾಗ ಕೈಯಲ್ಲಿ ಕೆಂಪು ಪೆನ್ನಿತ್ತು. ಹುಬ್ಬಳ್ಳಿ ವಿದ್ಯಾನಗರದ ಮನೆಯೊಂದರಲ್ಲಿ ಭಾನುವಾರ ಎಂಟು ಜನ ಚಾಪೆ ಹಾಸಿ ಕೂತಿದ್ದು, ಮೊದಲ ಪ್ಯಾಕು ಎಡಕ್ಕೆ, ಎರಡನೆಯದು ಬಲಕ್ಕೆ, ಮೂರನೆಯದು ಮತ್ತೆ ಎಡಕ್ಕೆ ಸರಿದದ್ದು, ಕಾರ್ಡಿಗೆ ಎಣ್ಣೆ ಹತ್ತಬಾರದೆಂದು ಒಬ್ಬ ಗಿರ್ಮಿಟ್ಟನ್ನು ಚಮಚದಲ್ಲಿ ತಿಂದದ್ದು, ಎಲ್ಲ ಚೆನ್ನಾಗಿದೆ. ಹೊಗಳಿಕೆ ಇಷ್ಟಕ್ಕೇ ಸಾಕು.

ಮೊದಲು ಆ ‘ಕರಡು’. ಡ್ರಾಫ್ಟ್ ಎಂಬುದಕ್ಕೆ ನಿಘಂಟು ತೆರೆದು ಸಿಕ್ಕ ಮೊದಲ ಪದ ಎತ್ತಿಕೊಂಡಿದ್ದೀರಿ. ಕರಡು ಅಂದರೆ ತಿದ್ದಲು ಇಟ್ಟ ಬರಹ. ನಿಮ್ಮ ಆಟದಲ್ಲಿ ತಿದ್ದುವುದು ಎಲ್ಲಿದೆ? ಪ್ಯಾಕು ಒಡೆದು ಒಂದು ಕಾರ್ಡು ಇಟ್ಟುಕೊಂಡು ಉಳಿದದ್ದನ್ನು ಪಕ್ಕದವನಿಗೆ ಕೊಡುವುದು, ನಮ್ಮ ಓಣಿಯಲ್ಲಿ ಕಬಡ್ಡಿಗೆ ಹುಡುಗರನ್ನು ಆರಿಸಿಕೊಂಡ ಹಾಗೆ. ಇಪ್ಪತ್ತಮೂರು ಕಡೆ ‘ಕರಡು’ ಇತ್ತು, ಇಪ್ಪತ್ತಮೂರನ್ನೂ ಹೊಡೆದು ‘ಡ್ರಾಫ್ಟ್’ ಎಂದು ಬರೆದಿದ್ದೇನೆ. ನಿಮ್ಮ ಗೆಳೆಯರು ಆಡುವ ಮಾತೂ ಅದೇ ತಾನೆ?

ಇನ್ನು ನನ್ನ ನಿದ್ದೆ ಕೆಡಿಸಿದ ನಾಲ್ಕನೇ ಪುಟ. ಉಳಿದ ದಿನ ಅದೇ ಗೆಳೆಯರಲ್ಲಿ ಐವರು ಅರೀನಾದಲ್ಲಿ, ಅಂದರೆ ಈ ಆಟದ ಆನ್‌ಲೈನ್ ರೂಪದಲ್ಲಿ, ಆಡಿದ್ದನ್ನೆಲ್ಲ ವಹಿಯಲ್ಲಿ ಬರೆದಿಟ್ಟಿದ್ದೀರಿ. ‘ಪ್ರೀಮಿಯರ್ ಡ್ರಾಫ್ಟ್: 150ರಲ್ಲಿ 84 ಗೆಲುವು, ಶೇ. 56. ಟ್ರೆಡಿಷನಲ್ ಡ್ರಾಫ್ಟ್: 44ರಲ್ಲಿ 26 ಗೆಲುವು, ಶೇ. 59.’ ಅದರ ಕೆಳಗೇ, ‘ಆದ್ದರಿಂದ ಟ್ರೆಡಿಷನಲ್ ಡ್ರಾಫ್ಟಿನಲ್ಲಿ ನಾವು ಉತ್ತಮವಾಗಿ ಆರಿಸುತ್ತೇವೆಂಬುದು ನಿರ್ವಿವಾದವಾಗಿ ಸಾಬೀತಾಗುತ್ತದೆ.’

150 ಏನು? ಗೇಮು. 44 ಏನು? ಮ್ಯಾಚು. ಪ್ರೀಮಿಯರಿನಲ್ಲಿ ಒಂದೇ ಗೇಮಿಗೆ ಸೋಲು ಗೆಲುವು ತೀರ್ಮಾನ. ಟ್ರೆಡಿಷನಲ್‌ನಲ್ಲಿ ಮೂರರಲ್ಲಿ ಎರಡು ಗೆಲ್ಲಬೇಕು. ಒಂದು ಗೇಮು ಗೆಲ್ಲುವ ಸಾಧ್ಯತೆ ಶೇ. 56 ಇರುವವನನ್ನೇ ಮೂರು ಗೇಮಿನ ಮ್ಯಾಚಿಗೆ ಕೂರಿಸಿ ನೋಡಿ. ಮೊದಲೆರಡನ್ನೂ ಗೆಲ್ಲುವುದು ಶೇ. 31.4. ಒಂದು ಸೋತು ಎರಡು ಗೆಲ್ಲುವುದು ಶೇ. 27.6. ಕೂಡಿಸಿ: 59. ಅಂದರೆ ನಿಮ್ಮ ಎರಡೂ ಸಾಲು ಒಂದೇ ಮಾತು ಹೇಳುತ್ತಿವೆ, ಒಬ್ಬನೇ ಆಟಗಾರ ಎರಡು ಅಂಗಿ ತೊಟ್ಟು ನಿಂತಿದ್ದಾನೆ. ಲೆಕ್ಕ ಮಾಡಿ ಮುಗಿಸಿದಾಗ ನನಗೆ ನಗು ಬಂತು, ಕ್ಷಮಿಸಿ.

‘ಉತ್ತಮವಾಗಿ ಆರಿಸುತ್ತೇವೆ’ ಎಂಬುದಂತೂ ಇನ್ನೂ ವಿಚಿತ್ರ. ಈ ಎರಡರಲ್ಲೂ ಆರಿಸುವವರು ಮನುಷ್ಯರೇ, ಪ್ಯಾಕುಗಳೂ ಅವೇ. ಜೊತೆಗೆ ಆರಿಸಲು ಬಾಟ್, ಅಂದರೆ ಕಂಪ್ಯೂಟರೇ, ಕೂರುವುದು ಕ್ವಿಕ್ ಡ್ರಾಫ್ಟ್ ಎಂಬ ಬೇರೊಂದು ಪದ್ಧತಿಯಲ್ಲಿ. ನಿಮ್ಮ ಎರಡು ಪದ್ಧತಿಗಳ ವ್ಯತ್ಯಾಸ ಶುರುವಾಗುವುದು ಆರಿಸಿ ಮುಗಿದು ನಲವತ್ತು ಕಾರ್ಡಿನ ಡೆಕ್ಕು ಕಟ್ಟಿದ ಮೇಲೆ. ಒಂದರಲ್ಲಿ ರ‍್ಯಾಂಕ್ ಇದೆ, ಇನ್ನೊಂದರಲ್ಲಿಲ್ಲ, ಹಾಗಾಗಿ ಎದುರಾಳಿಗಳೂ ಬೇರೆ. ಒಂದೇ ಗೇಮಿನ ಆಟದಲ್ಲಿ ಮೊದಲ ಕೈಗೆ ಬರುವ ಲ್ಯಾಂಡುಗಳ (ಉಳಿದ ಕಾರ್ಡು ಆಡಲು ಶಕ್ತಿ ಕೊಡುವ ಕಾರ್ಡುಗಳ) ಏರುಪೇರನ್ನು ಅರೀನಾ ತಾನೇ ಸ್ವಲ್ಪ ಸರಿಮಾಡಿ ಕೊಡುತ್ತದೆ. ಮೂರರ ಮ್ಯಾಚಿನಲ್ಲಿ ಆ ಉಪಕಾರವಿಲ್ಲ. ಇವು ಯಾವುವೂ ನಿಮ್ಮ ಪುಟದಲ್ಲಿಲ್ಲ.

‘ನಿರ್ವಿವಾದವಾಗಿ’ಗೆ ಬರುತ್ತೇನೆ. ಆ 26ರಲ್ಲಿ ಎರಡು ಮ್ಯಾಚು ಕೈತಪ್ಪಿದ್ದರೆ, ಎರಡೇ ಸಂಜೆ ಲ್ಯಾಂಡು ಬರದೆ ಸೋತಿದ್ದರೆ, 44ಕ್ಕೆ 24: ಶೇ. 54.5. ಆಗ ಪ್ರೀಮಿಯರೇ ಮೇಲು ಎಂದು ನಿರ್ವಿವಾದವಾಗಿ ಬರೆಯುತ್ತಿದ್ದಿರಾ? ಪ್ರೀಮಿಯರಿನ 150ರಲ್ಲೂ ಒಂದು ತಕರಾರಿದೆ. ಅಲ್ಲಿ ಏಳು ಗೆದ್ದರೆ ಅಥವಾ ಮೂರು ಸೋತರೆ ಆಟ ಮುಗಿಯಿತು. ಕೆಟ್ಟ ಡೆಕ್ಕು ಮೂರೇ ಗೇಮಿಗೆ ಮನೆಗೆ ಹೋಗುತ್ತದೆ, ಒಳ್ಳೆಯದು ಒಂಬತ್ತರವರೆಗೂ ಆಡಬಹುದು. ಎಲ್ಲವನ್ನೂ ಒಂದೇ ರಾಶಿಗೆ ಸುರಿದರೆ ಒಳ್ಳೆಯ ಡೆಕ್ಕಿನ ಮಾತೇ ಜಾಸ್ತಿ ಕೇಳಿಸುತ್ತದೆ. ಐದು ಜನರ ಲೆಕ್ಕವನ್ನು ಬೇರೆ ಬೇರೆ ಬರೆಯಬೇಕಿತ್ತು.

ನನಗೆ ಇದು ಇಷ್ಟು ಚುಚ್ಚಲು ಕಾರಣವಿದೆ. ಗದಗಿನ ಒಂದು ಸಣ್ಣ ಪತ್ರಿಕೆಯಲ್ಲಿ ಕರಡಚ್ಚು ತಿದ್ದುತ್ತಿದ್ದ ಕಾಲ. ಬ್ಯಾಡಗಿ ಪೇಟೆಯ ದರವನ್ನು ಫೋನಿನಲ್ಲಿ ಕೇಳಿ ಬರೆದುಕೊಳ್ಳುವ ಕೆಲಸವೂ ನನ್ನದೇ. ಒಂದು ವಾರ ಉತ್ಸಾಹ ತಡೆಯದೆ ‘ಮೆಣಸಿನಕಾಯಿ ಬೆಲೆ ಗಗನಕ್ಕೆ’ ಎಂದು ತಲೆಬರಹ ಕೊಟ್ಟೆ. ಮೊಳೆ ಜೋಡಿಸುತ್ತಿದ್ದ ಹಿರಿಯರು ಕನ್ನಡಕ ಹಣೆಗೇರಿಸಿದರು.

“ಹ್ವಾದ ವಾರ ಯಾವ ಮೆಣಸಿನಕಾಯಿ, ತಮ್ಮಾ?”

“ಕಡ್ಡಿರೀ.”

“ಈ ವಾರ?”

ಚೀಟಿ ನೋಡಿದೆ. ಡಬ್ಬಿ. ಅದು ಬೇರೆಯೇ ತಳಿ, ಮೊದಲಿಂದಲೂ ಕಡ್ಡಿಗಿಂತ ತುಟ್ಟಿ.

“ಹಂಗಾರ ಏರಿದ್ದು ಬೆಲಿ ಅಲ್ಲೋ, ನಿನ್ನ ಪೆನ್ನು.”

ಅಲ್ಲಿದ್ದ ನಾಲ್ವರೂ ನಕ್ಕರು. ಆಮೇಲೆ ಮೂರು ತಿಂಗಳು ನನಗೆ ತಲೆಬರಹ ಬರೆಯಲು ಬಿಡಲಿಲ್ಲ, ಬರೀ ದರದ ಪಟ್ಟಿ. ತಳಿ, ಆವಕ, ಕನಿಷ್ಠ, ಗರಿಷ್ಠ. ಚಹಾ ತರುವ ಹುಡುಗ ಕೂಡ ನನ್ನನ್ನು ‘ಡಬ್ಬಿ ಸಾಹೇಬ’ ಅನ್ನುತ್ತಿದ್ದ.

ನಿಮ್ಮ ಲೇಖನವನ್ನು ಈಗ ಹಾಕಿಕೊಳ್ಳುತ್ತಿಲ್ಲ. ಹಾಗಂತ ಮೂಲೆಗೂ ಎಸೆದಿಲ್ಲ. ಮೂರು ಗೇಮಿನ ಮ್ಯಾಚು ಬಲ್ಲವನ ಕಡೆಗೆ ತುಸು ವಾಲುತ್ತದೆಂಬ ನಿಮ್ಮ ಊಹೆ ಸರಿಯೇ ಇದೆ, ಮೇಲಿನ 56 ಮತ್ತು 59 ಅದನ್ನೇ ತೋರಿಸುತ್ತವೆ. ಅದಕ್ಕೆ ವಹಿ ಬೇಕಿರಲಿಲ್ಲ, ಗುಣಾಕಾರ ಸಾಕಿತ್ತು. ವಹಿ ಬೇಕಾಗುವುದು ಗುಣಾಕಾರಕ್ಕೆ ಸಿಗದ ಪ್ರಶ್ನೆಗೆ: ಮೊದಲ ಗೇಮು ಸೋತು, ಡೆಕ್ಕಿನ ಹೊರಗಿಟ್ಟ ಕಾರ್ಡುಗಳನ್ನು ಒಳಗೆ ತಂದ ಮೇಲೆ, ನಿಮ್ಮವರು ಎರಡನೆಯದನ್ನು ಎಷ್ಟು ಸಲ ಗೆದ್ದರು? ಮ್ಯಾಚಿನ ಒಳಗಿನ ಗೇಮುಗಳನ್ನು ಬರೆದಿಟ್ಟಿದ್ದರೆ ಆ ಪುಟಗಳ ಫೋಟೊ ತೆಗೆದು ಕಳಿಸಿ. ಇಲ್ಲವಾದರೆ ಈ ವಾರದಿಂದ ಶುರುಮಾಡಿ, ನಾನು ಕಾಯುತ್ತೇನೆ. ಗಿರ್ಮಿಟ್ ತಿನ್ನುವ ಹುಡುಗನ ಸಾಲನ್ನು ಮಾತ್ರ ಮುಟ್ಟಬೇಡಿ.