ಮಾರಿಕಣಿವೆ ಕ್ಯಾಂಪಿಗೆ ಮನೆಯ ಫ್ರಿಜ್: ಒಂದು ಬ್ಯಾಟರಿ ಸಾಕಾ?

ಸರ್, ಟೆಂಪೋ ಟ್ರಾವೆಲರ್‌ನಲ್ಲಿ ಮನೆಯ 190 ಲೀಟರ್ ಫ್ರಿಜ್ ಇಟ್ಟುಕೊಂಡು ಹಿರಿಯೂರಿನ ಮಾರಿಕಣಿವೆ ಡ್ಯಾಂ ಹತ್ತಿರ ಎರಡು ರಾತ್ರಿ ಉಳಿಯಲು 150 ಎಎಚ್ (ಆಂಪಿಯರ್ ಅವರ್) ಇನ್ವರ್ಟರ್ ಬ್ಯಾಟರಿ ಒಂದು ಸಾಕಾ ಅಂತ ಕೇಳಿದ್ದೀರಿ. ಅದೊಂದನ್ನೇ ನಂಬಿ ಹೋಗಬೇಡಿ.

ಫ್ರಿಜ್‌ನ ಸ್ಟಾರ್ ಲೇಬಲ್‌ನಲ್ಲಿ ವರ್ಷದ ಯೂನಿಟ್ ಬರೆದಿರುತ್ತದೆ. 180 ಇದ್ದರೆ ದಿನಕ್ಕೆ ಸುಮಾರು ಅರ್ಧ ಯೂನಿಟ್, ಅಂದರೆ 500 ವ್ಯಾಟ್ ಅವರ್. ಹಿರಿಯೂರಿನ ಬಿಸಿಲಲ್ಲಿ ನಿಂತ ಗಾಡಿಯೊಳಗೆ ಇನ್ನೂ ಜಾಸ್ತಿ ಎಳೆಯುತ್ತದೆ. ಇನ್ವರ್ಟರ್ ಸುಮ್ನೆ ಆನ್ ಇದ್ದು 15 ವ್ಯಾಟ್ ತಿಂದರೂ ದಿನಕ್ಕೆ 360 ಆಯಿತು. ಇದನ್ನು ತುಂಬಾ ಜನ ಲೆಕ್ಕಕ್ಕೇ ಹಿಡಿಯೋದಿಲ್ಲ. ನಿಮ್ಮ 12 ವೋಲ್ಟ್ ಬ್ಯಾಟರಿಯಲ್ಲಿ ಇರೋದು 150 ಗುಣಿಸು 12, ಅಂದರೆ 1800 ವ್ಯಾಟ್ ಅವರ್. ಲೆಡ್ ಆಸಿಡ್ ಆದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಬಾಳಿಕೆ ಹೋಗುತ್ತದೆ. ಉಳಿದ 900ರಲ್ಲಿ ಒಂದು ದಿನ ದಾಟುವುದೇ ಕಷ್ಟ, ಅಲ್ವಾ?

ನಮ್ಮ ಕಡೆ ಬಿಸಿಲಿಗೇನೂ ಬರ ಇಲ್ಲ. ಛಾವಣಿ ಮೇಲೆ 400 ವ್ಯಾಟ್ ಸೋಲಾರ್ ಹಾಕಿಸಿ. ಒಳ್ಳೆ ಬಿಸಿಲಿನ ದಿನ, ನಷ್ಟ ಕಳೆದರೂ 1200ರಷ್ಟು ವಾಪಸ್ ಬರುತ್ತದೆ. ಗಾಡಿಯನ್ನು ಮಾತ್ರ ಮರದ ನೆರಳಿಗೆ ನಿಲ್ಲಿಸಬೇಡಿ.

ಪ್ಯೂರ್ ಸೈನ್ ವೇವ್, ಅಂದರೆ ಮನೆ ಕರೆಂಟಿನ ಥರದ್ದೇ ಕರೆಂಟ್ ಕೊಡುವ ಇನ್ವರ್ಟರ್ ತಗೊಳ್ಳಿ, ಅದೂ ಸ್ವಲ್ಪ ದೊಡ್ಡದೇ ಇರಲಿ. ಕಂಪ್ರೆಸರ್ ಸ್ಟಾರ್ಟ್ ಆಗುವಾಗ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ನನ್ನ ಚಿಕ್ಕ ಇನ್ವರ್ಟರ್ ಅಲ್ಲೇ ಟ್ರಿಪ್ ಆಗಿ, ರಾತ್ರಿಯಿಡೀ ಫ್ರಿಜ್ ಬಂದಾಗಿ ಹಾಲು ಒಡೆದುಹೋಗಿತ್ತು. ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಇರಲಿ. ಲೆಡ್ ಆಸಿಡ್ ಬ್ಯಾಟರಿಯನ್ನು ಮಲಗುವ ಜಾಗದಲ್ಲಿ ಇಡಲೇಬೇಡಿ. ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಗಾಳಿ ಆಡುವ ಬೇರೆ ಗೂಡು ಬೇಕು.

ಹೊರಡುವ ಹಿಂದಿನ ರಾತ್ರಿ ಮನೆ ಕರೆಂಟಿನಲ್ಲೇ ಫ್ರಿಜ್ ತಣ್ಣಗೆ ಮಾಡಿ, ಫ್ರೀಜರ್‌ನಲ್ಲಿ ನೀರಿನ ಬಾಟಲಿ ಗಟ್ಟಿ ಮಾಡಿಕೊಳ್ಳಿ.